ಎಡೆಗೆ ಮುಂಚಿನ ರುಚಿ

ಬೆಳಿಗ್ಗೆಯಿಂದ ಭೋಜರಾಜ ತನ್ನ ನಾಲಿಗೆಯನ್ನೇ ಕಾಯುತ್ತಿದ್ದ. ಬರುವ ಮುಂಚೆ ಏನೂ ತಿನ್ನಬೇಡಿ, ಚಾ ಕಾಫಿ ಬೇಡ, ಎಲೆ ಅಡಿಕೆ ಬೇಡ, ಪೇಸ್ಟ್ ಹಾಕಿ ಹಲ್ಲುಜ್ಜುವುದೂ ಬೇಡ, ಬರೀ ನೀರು ಕುಡಿದು ಬನ್ನಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದರು. ಅವರು ಹೇಳಿದ್ದೇ ತಡ, ಇಷ್ಟು ವರ್ಷ ಬಾಯಿಯೊಳಗೆ ಇದ್ದೂ ಇಲ್ಲದ ಹಾಗಿದ್ದ ನಾಲಿಗೆ ಒಂದು ವಸ್ತುವಾಗಿಬಿಟ್ಟಿತು. ಹಲ್ಲಿಗೆ ತಾಗುತ್ತಿತ್ತು, ಅಂಗುಳಕ್ಕೆ ಅಂಟುತ್ತಿತ್ತು, ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ಬಚ್ಚಲಿನ ಕನ್ನಡಿಯ ಎದುರು ಚಾಚಿ ನೋಡಿದ. ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಎಲ್ಲರ ನಾಲಿಗೆಯಂಥದೇ ನಾಲಿಗೆ, ಮಧ್ಯದಲ್ಲಿ ಒಂದು ಗೀರು, ತುದಿ ಸ್ವಲ್ಪ ಕೆಂಪು. ಇದು ಇವತ್ತು ತನ್ನ ಮೇಲೆ ಏನು ಹೇಳುತ್ತದೋ ಎಂದುಕೊಂಡ. ಹಿಂದೆ ಬಂದು ನಿಂತ ಹೆಂಡತಿ ಪ್ರಫುಲ್ಲಾ, "ಎಂತ ಕಾಂತ್ರಿ ಅದ್ರಲ್ಲಿ? ಬನ್ನಿ, ಹೊತ್ತಾಯ್ತ್. ಮಗಿ ಹೊರ್ಟ್ ಕೂತಾಯ್ತ್," ಎಂದಳು. ಅವನು ಬಾಯಿ ಮುಚ್ಚಿಕೊಂಡ.

ತೆಕ್ಕಟ್ಟೆಯ ಮನೆಯಿಂದ ಬ್ರಹ್ಮಾವರಕ್ಕೆ ಹೈವೇಯಲ್ಲಿ ಎಷ್ಟು ಹೊತ್ತಿನ ದಾರಿ? ಆದರೂ ಅವನು ಓಮ್ನಿಯನ್ನು ಎತ್ತಿನಗಾಡಿಯಂತೆ ಓಡಿಸಿದ. ಹಿಂದಿನಿಂದ ಬಂದ ಬಸ್ಸುಗಳು ಹಾರನ್ನಿನಲ್ಲೇ ಬೈದು ಮುಂದೆ ಹೋದವು. ಅದು ಅವನ ಹೋಟೆಲಿನ ಓಮ್ನಿ. ಕೋಳಿ, ಈರುಳ್ಳಿ ಚೀಲ, ಗ್ಯಾಸ್ ಸಿಲಿಂಡರು, ತುಪ್ಪದ ಡಬ್ಬಿ ಹೊತ್ತು ಹೊತ್ತು ಅದರ ಸೀಟಿಗೂ ತುಪ್ಪದ ವಾಸನೆ ಹತ್ತಿಬಿಟ್ಟಿತ್ತು. ದಿನವೂ ಗಮನಕ್ಕೆ ಬಾರದ ಆ ವಾಸನೆಗೆ ಇವತ್ತು ಹೆದರಿ ಅವನು ಕಿಟಕಿಯನ್ನು ಪೂರ್ತಿ ಇಳಿಸಿದ. ಹಿಂದಿನ ಸೀಟಿನಲ್ಲಿ ಮಗಳು ಅನಿಷಾ ಒಬ್ಬಳೇ ಕೂತಿದ್ದಳು. ಐದನೇ ತರಗತಿಯ ಹುಡುಗಿ. ಅವಳ ಅಳತೆಯ ಯೂನಿಫಾರ್ಮು ರೆಡಿಮೇಡಿನಲ್ಲಿ ಸಿಗುವುದಿಲ್ಲ, ಕುಂದಾಪುರದ ದರ್ಜಿಯೇ ಹೊಲಿಯಬೇಕು. ಹೋದ ಜೂನಿನಲ್ಲಿ ಆ ದರ್ಜಿ ಟೇಪನ್ನು ಅವಳ ಸೊಂಟದ ಸುತ್ತ ತಂದು, ಪ್ರಫುಲ್ಲಾಳನ್ನು ನೋಡಿ, "ಅಕ್ಕ, ಇದ್ ನಿಮ್ ಅಳತಿಯೇ ಆಯ್ತಲೆ," ಎಂದು ನಕ್ಕಿದ್ದ. ಮಗಳೂ ನಕ್ಕಿದ್ದಳು, ಅವನಿಗಿಂತ ಒಂದು ಗಳಿಗೆ ಮೊದಲೇ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದನ್ನು ಅವಳು ಯಾವಾಗ ಕಲಿತಳೋ, ಎಲ್ಲಿ ಕಲಿತಳೋ ಭೋಜರಾಜನಿಗೆ ಗೊತ್ತಾಗಿರಲೇ ಇಲ್ಲ. ಭೋಜರಾಜ ಶೆಟ್ಟರ ಮಗಳೇ ಅವರ ಕೋಟೇಶ್ವರದ ಹೋಟೆಲಿಗೆ ಒಳ್ಳೇ ಬೋರ್ಡು ಎಂದು ಗಿರಾಕಿಗಳು ತಮಾಷೆ ಮಾಡಿದಾಗ ಅವನೂ ನಕ್ಕವನೇ.

ಇದೆಲ್ಲ ಶುರುವಾದದ್ದು ಶಾಲೆಗೆ ಆ ಡಾಕ್ಟರಮ್ಮನ ತಂಡ ಬಂದಾಗ. ಮಕ್ಕಳ ಮೈ ಯಾಕೆ ಬೆಳೆಯುತ್ತದೆ ಎಂದು ಹುಡುಕುವವರಂತೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಮೂರು ಪುಟ್ಟ ಲೋಟಗಳಲ್ಲಿ ಕೆನೆ ತೆಗೆದ ಹಾಲು ಕೊಟ್ಟಿದ್ದರು. ಮೂರರಲ್ಲಿ ಒಂದಕ್ಕೆ ಮಾತ್ರ ಎಣ್ಣೆಯ ಅಂಶ ಬೆರೆಸಿರುತ್ತದೆ, ಅದು ಯಾವುದು ಹೇಳಬೇಕು. ಮೊದಲು ತೀರ ಕಡಿಮೆ, ಆಮೇಲೆ ಜಾಸ್ತಿ, ಮತ್ತೂ ಜಾಸ್ತಿ. ಕೆಲವು ಮಕ್ಕಳು ಎರಡನೇ ಸುತ್ತಿಗೇ ಮುಖ ಕಿವಿಚಿದವಂತೆ. ಅನಿಷಾ ಕೊನೆಯ ಸುತ್ತಿನವರೆಗೂ ಮೂರೂ ಲೋಟದ ರುಚಿ ನೋಡಿ, "ಎಲ್ಲ ಒಂದೇ," ಎಂದಳಂತೆ. ಉಪ್ಪು, ಸಿಹಿ, ಹುಳಿ ತಿಳಿಯುವ ಹಾಗೆ ಕೊಬ್ಬಿನ ರುಚಿಯೂ ನಾಲಿಗೆಗೆ ತಿಳಿಯುತ್ತದೆ, ಅದು ತಿಳಿಯದವರಿಗೆ ಸಾಕು ಎನ್ನುವುದು ಬೇಗ ಬರುವುದಿಲ್ಲ ಎಂದು ಡಾಕ್ಟರಮ್ಮ ಅಪ್ಪ ಅಮ್ಮನನ್ನು ಕರೆಸಿ ವಿವರಿಸಿದರು. "ಕೆಲವರಿಗೆ ಹುಟ್ಟಿನಿಂದಲೇ ಹೀಗೆ. ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ. ಇನ್ನು ಕೆಲವರಿಗೆ ಚಿಕ್ಕಂದಿನಿಂದ ತಿಂದು ತಿಂದು ನಾಲಿಗೆ ಒಗ್ಗಿ ಹೋಗಿರುತ್ತದೆ. ಒಗ್ಗಿದ್ದಾದರೆ ಎಣ್ಣೆ ತುಪ್ಪ ಕೆಲವು ವಾರ ಕಡಿಮೆ ಮಾಡಿದಾಗ ಸುಧಾರಿಸಿದ್ದನ್ನು ನೋಡಿದ್ದೇವೆ," ಎಂದರು. ಹೊರಗೆ ಏನಾದರೂ ತಿನ್ನುತ್ತಾಳಾ ಎಂದೂ ಕೇಳಿದರು. "ಇಲ್ಲ, ಮನೆ ಊಟ ಮಾತ್ರ," ಎಂದ ಭೋಜರಾಜ. ಹೋಟೆಲು ತನ್ನದೇ ಆದ್ದರಿಂದ ಅದೂ ಮನೆಯೇ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಪ್ರಫುಲ್ಲಾ ಪಕ್ಕದಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು.

ಅವನ ಹೋಟೆಲಿನಲ್ಲಿ ಒಂದು ಕಟ್ಟಳೆ ಇತ್ತು. ಅವನ ತಾಯಿ ಅಮ್ಮಣ್ಣಿ ಹಾಕಿದ್ದು. ಮಾಡಿದ ಕೋಳಿಯಲ್ಲಿ ಮೊದಲ ಪಾಲು ಮನೆಯ ದೈವ ಹಾಯ್ಗುಳಿಗೆ. ಬಾಳೆಲೆಯ ತುಂಡಿನಲ್ಲಿ ಎಡೆ ಹಾಕಿ ಹೋಟೆಲಿನ ಹಿತ್ತಿಲ ಹಲಸಿನ ಬುಡದಲ್ಲಿ ಇಟ್ಟು ಬರಬೇಕು, ಅದಾಗುವವರೆಗೆ ಅಡಿಗೆ ಮಾಡಿದವನ ನಾಲಿಗೆ ಅದನ್ನು ಮುಟ್ಟಬಾರದು. ಅಮ್ಮಣ್ಣಿ ಮನೆಯಲ್ಲಿ ಹಾಗೆಯೇ ಮಾಡಿಕೊಂಡು ಬಂದವಳು. ಕಣ್ಣಳತೆಯಲ್ಲಿ ಉಪ್ಪು ಹಾಕುತ್ತಿದ್ದಳು, ತಪ್ಪುತ್ತಿರಲಿಲ್ಲ. ಭೋಜರಾಜನಿಗೆ ಆ ಕೈ ಬರಲಿಲ್ಲ. ಹೋಟೆಲು ಹಾಕಿದ ಹೊಸತರಲ್ಲಿ ಒಂದು ದಿನ ಖಾರ, ಒಂದು ದಿನ ಸಪ್ಪೆ. ಗಿರಾಕಿಗಳು ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದರು. ಆಗ ಅಮ್ಮಣ್ಣಿಯೇ ದಾರಿ ತೋರಿಸಿದಳು. "ಮಗಿ ಬಾಯಿಗ್ ಹಾಕ್. ಮಕ್ಳಿಗ್ ಮೈಲ್ಗಿ ಇಲ್ಲೆ," ಎಂದಳು. ಅನಿಷಾ ಆಗಿನ್ನೂ ಅಂಗಳದಲ್ಲಿ ಚಪ್ಪಲಿ ತಿರುಗುಮುರುಗು ಹಾಕಿಕೊಂಡು ಓಡಾಡುವ ಮಗು. ಸೌಟಿನ ತುದಿಯಲ್ಲಿ ಒಂದು ತೊಟ್ಟು ಗ್ರೇವಿ, ಊದಿ ಆರಿಸಿ, ಅವಳ ಬಾಯಿಗೆ. ಮುಖ ಅರಳಿದರೆ ಸರಿ, ಕಿವಿಚಿದರೆ ಖಾರ. ಸ್ವಲ್ಪ ಮಾತು ಬಂದ ಮೇಲೆ ಅವಳೇ ಹೇಳತೊಡಗಿದಳು. ಉಪ್ಪು ಸಾಲದು, ಹುಳಿ ಜಾಸ್ತಿ ಎಂದು ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಕೊನೆಗೆ ಯಾವಾಗಲೂ ಒಂದೇ ಮಾತು, "ಅಪ್ಪಯ್ಯ, ಇನ್ನೊಂಚೂರ್ ತುಪ್ಪ." ಅವನು ಹಾಕುತ್ತಿದ್ದ. ಬಾಣಲೆಯ ಅಂಚಿನಲ್ಲಿ ತುಪ್ಪ ಕೆಂಪಾಗಿ ಬಿಟ್ಟುಕೊಳ್ಳುವವರೆಗೆ ಹಾಕುತ್ತಿದ್ದ. ಆ ಕೋಳಿ ಘೀ ರೋಸ್ಟಿಗೆ ಹೆಸರು ಬಂತು. ಬೈಂದೂರಿನಿಂದ, ಉಡುಪಿಯಿಂದ ಕಾರು ಮಾಡಿಕೊಂಡು ಬಂದರು. ಫೋನು ಹಿಡಿದು ವಿಡಿಯೋ ಮಾಡುವ ಹುಡುಗರು ಬಾಣಲೆಯ ಒಳಕ್ಕೇ ಕ್ಯಾಮೆರಾ ಇಳಿಸಿದರು. ಸೌಟಿನ ತೊಟ್ಟು ಬರುಬರುತ್ತಾ ಒಂದು ಬಟ್ಟಲಾಯಿತು, ಬಟ್ಟಲಿನಲ್ಲಿ ಎರಡು ತುಂಡು ಕೋಳಿ, ಜೊತೆಗೆ ಅದ್ದಿಕೊಳ್ಳಲು ನೀರುದೋಸೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಒಂದು ಸಲ, ಶಾಲೆ ಬಿಟ್ಟು ಬಂದ ಮೇಲೆ ಇನ್ನೊಂದು ಸಲ. ಬಟ್ಟಲಿನ ಸಂಗತಿ ಪ್ರಫುಲ್ಲಾಳಿಗೆ ಗೊತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಇನ್ನೂ ಸೌಟಿನ ತುದಿಯೇ.

ಅಷ್ಟಕ್ಕೇ ಅವಳು ಸಿಟ್ಟಾಗಿದ್ದಳು. ಶಾಲೆಯ ಪರೀಕ್ಷೆಯಾದ ವಾರ ಮಗಳ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು, ಲಿವರಿನಲ್ಲಿ ಕೊಬ್ಬು ಕೂತಿದೆ ಎಂದರು. ಮನೆಗೆ ಬಂದ ಪ್ರಫುಲ್ಲಾ ಹೆಗಲ ಚೀಲವನ್ನೂ ಇಳಿಸದೆ ಜಗಲಿಯಲ್ಲಿ ನಿಂತು, ಕೂಗಾಡದೆ, ತಣ್ಣಗೆ ಹೇಳಿದಳು. "ದೊಡ್ಡೋರಿಗೂ ಪರೀಕ್ಷಿ ಮಾಡ್ತ್ರಂಬ್ರ್. ಆಯ್ಲಿ. ಹುಟ್ಟಿಂದ ಬಂದದ್ದಾರೆ ಯಾರ್ ಎಂತ ಮಾಡುಕಾತ್ತ್. ನಿಮ್ ಸೌಟಿಂದ ಬಂದದ್ದ್ ಅಂದ್ ಆರೆ ನಾ ಮಗಿನ್ ಕರ್ಕಂಡ್ ಬೈಂದೂರಿಗ್ ಹೋತೆ. ಅಲ್ಲೇ ಶಾಲಿಗ್ ಹಾಕ್ತೆ. ನೀವ್ ಇಲ್ಲಿ ನಿಮ್ ಹೋಟೆಲ್ ಕಂಡ್ಕಣಿ." ಬೈಂದೂರು ಅವಳ ತವರು. ಅವಳು ಹೇಳಿದ್ದನ್ನು ಮಾಡುವವಳು ಎಂಬುದು ಅವನಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಅವತ್ತಿನಿಂದ ಮಗಳಿಗೆ ಹೋಟೆಲು ಬಂದ್. ಎರಡು ಹೊತ್ತೂ ಗಂಜಿ, ಒಂದು ಹೋಳು ಉಪ್ಪಿನಕಾಯಿ. ಅನಿಷಾ ಒಂದು ಮಾತೂ ಆಡದೆ ಉಂಡು ತಟ್ಟೆ ತೊಳೆದಿಡುತ್ತಿದ್ದಳು. ಅವಳು ಹಟ ಮಾಡಿದ್ದರೆ ಭೋಜರಾಜನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಲಿವರು ಎಂದರೆ ಏನೆಂದು ಡಾಕ್ಟರು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಎಷ್ಟು ಕೋಳಿಯ ಹೊಟ್ಟೆಯಿಂದ ಅದನ್ನು ಕೈಯಾರೆ ತೆಗೆದಿಲ್ಲ ಅವನು. ಒಳ್ಳೆಯ ಕೋಳಿಯದು ಕಡುಕೆಂಪು, ಬೆರಳಿಗೆ ಗಟ್ಟಿ. ಕೂಡಿಹಾಕಿ ತಿನ್ನಿಸಿ ಬೆಳೆಸಿದ ಕೋಳಿಯದು ಕೆಲವೊಮ್ಮೆ ಹಳದಿಗೆ ತಿರುಗಿರುತ್ತದೆ, ಹೆಬ್ಬೆರಳು ತಾಗಿದರೆ ಸಾಕು, ಪುಡಿಯಾಗಿ ಕೈಗೆಲ್ಲ ಜಿಡ್ಡು. ಅಂಥದ್ದು ಬಂದರೆ ನೋಡದೆ ಬಕೀಟಿಗೆ ಎಸೆಯುತ್ತಿದ್ದ. ಸ್ಕ್ಯಾನಿಂಗಿನ ಕೋಣೆಯಲ್ಲಿ ಮಗಳು ಅಂಗಿ ಮೇಲೆತ್ತಿಕೊಂಡು ಮಲಗಿದ್ದಾಗ ಅವನಿಗೆ ಪರದೆಯ ಮೇಲೆ ಏನೂ ಅರ್ಥವಾಗಿರಲಿಲ್ಲ. ತನ್ನ ಹೆಬ್ಬೆರಳನ್ನು ಮಾತ್ರ ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ. ಈಗ ಸ್ಟೇರಿಂಗ್ ಹಿಡಿದ ಕೈಯನ್ನೂ ಒರೆಸಿಕೊಂಡ. ಕೋಟ ದಾಟಿತ್ತು. ಹಿಂದೆ ಅನಿಷಾ ನಿದ್ದೆ ಹೋಗಿದ್ದಳು, ಕೂತಲ್ಲೇ, ಗದ್ದ ಎದೆಗೆ ಊರಿ. ಗೊರಕೆ ಏರುತ್ತಾ ಬಂದು ಥಟ್ಟನೆ ನಿಂತಿತು. ಹೀಗಾಗುವುದುಂಟು ಎಂದು ಅವನಿಗೆ ಗೊತ್ತು. ಆದರೂ ಬ್ರೇಕಿನ ಮೇಲೆ ಕಾಲಿಟ್ಟು, ಮುಂದಿನ ಉಸಿರು ಬರುವವರೆಗೆ ತಾನೂ ಉಸಿರು ಹಿಡಿದ. ಬಂತು. ಪ್ರಫುಲ್ಲಾ ರಸ್ತೆ ನೋಡುತ್ತಾ ಕೂತಿದ್ದಳು, ಅವಳ ಕೈ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು ಆಮೇಲೆ ಸಡಿಲವಾದದ್ದನ್ನು ಅವನು ಕಂಡ.

ರಕ್ತದಿಂದಲೇ ಬಂದಿರಲಿ ದೇವರೇ ಎಂದು ಅವನು ಬೇಡಿಕೊಳ್ಳುತ್ತಿದ್ದ. ತಂದೆಯಾದವನು ಬೇಡುವ ಬೇಡಿಕೆಯೇ ಇದು ಎಂದು ಅವನಿಗೇ ಹೇಸಿಗೆಯಾಗುತ್ತಿತ್ತು, ಆದರೂ ಬೇಡುವುದು ನಿಲ್ಲಲಿಲ್ಲ. ರಕ್ತಕ್ಕೆ ಯಾರೂ ಹೊಣೆಯಲ್ಲ. ರಕ್ತವನ್ನು ಯಾರೂ ಊದಿ ಆರಿಸಿ ಬಾಯಿಗೆ ಇಡುವುದಿಲ್ಲ. ಕುಟುಂಬದಲ್ಲಿ ದಪ್ಪ ಇದ್ದವರು ಯಾರ್ಯಾರು ಎಂದು ಮನಸ್ಸಿನಲ್ಲೇ ಹುಡುಕಿದ. ಅಪ್ಪ ಕೋಲಿನಂಥ ಮನುಷ್ಯ. ಅಮ್ಮಣ್ಣಿಯ ಕೈಬಳೆ ಈಗಲೂ ಮೊಣಕೈವರೆಗೆ ಜಾರುತ್ತದೆ. ಕೊನೆಗೆ ಅಮ್ಮಣ್ಣಿಯ ಅಣ್ಣ, ಮುಂಬೈಯ ಚೆನ್ನಯ್ಯ ಮಾವ ನೆನಪಾದರು. ಫೋರ್ಟಿನ ಕಡೆ ಹೋಟೆಲು ಇಟ್ಟಿದ್ದವರು, ದುಡ್ಡಿನ ಗಲ್ಲೆಯ ಹಿಂದೆ ಕೂತರೆ ಏಳಲು ಇಬ್ಬರು ಬೇಕಿತ್ತು, ಒಂದು ದಿನ ಆ ಕುರ್ಚಿಯಲ್ಲೇ ಹೋಗಿಬಿಟ್ಟರು. ಆ ಮಾವನ ಸಾವನ್ನು ನೆನೆದು ಭೋಜರಾಜನಿಗೆ ಸಮಾಧಾನವಾಯಿತು. ಹಿಂದಿನ ಸೀಟಿನ ಗೊರಕೆ ಮತ್ತೆ ಕೇಳಿಸುವವರೆಗೆ ಮಾತ್ರ.

ಬ್ರಹ್ಮಾವರದಲ್ಲಿ ಡಾಕ್ಟರಮ್ಮನ ತಂಡ ಬಾಡಿಗೆಗೆ ಹಿಡಿದಿದ್ದ ಕೋಣೆಗಳು ಒಂದು ಬಟ್ಟೆಯಂಗಡಿಯ ಮೇಲಿದ್ದವು. ಮೆಟ್ಟಿಲು ಹತ್ತಿ ಮುಗಿಸುವಾಗ ಅನಿಷಾಳ ಮುಖ ಬೆವೆತಿತ್ತು. ಡಾಕ್ಟರಮ್ಮ ಬೆಂಗಳೂರಿನ ಕಡೆಯವರು, ಸಣ್ಣ ಪ್ರಾಯ, ಎಲ್ಲದಕ್ಕೂ ತಲೆಯಾಡಿಸಿ ಕೇಳುವ ಸ್ವಭಾವ. ಮೊದಲು ಮೂವರಿಗೂ ಒಂದೊಂದು ಸಣ್ಣ ಕೊಳವೆ ಕೊಟ್ಟು ಅದರಲ್ಲಿ ಜೊಲ್ಲು ತುಂಬಿಸಿಕೊಂಡರು. ಹುಟ್ಟಿನಿಂದ ಬಂದದ್ದೇ ಎಂದು ನೋಡಲು ಅದು ದೂರದ ಲ್ಯಾಬಿಗೆ ಹೋಗಬೇಕು, ಫಲಿತಾಂಶ ಬರಲು ತಿಂಗಳುಗಳೇ ಬೇಕು, ಇವತ್ತು ಲೋಟದ ಪರೀಕ್ಷೆ ಮಾತ್ರ ಎಂದರು. ಪ್ರಫುಲ್ಲಾ ಮೊದಲು ಒಳಗೆ ಹೋದಳು. ಹೊರಗೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಭೋಜರಾಜ ಒಂದರಲ್ಲಿ ಕೂತು ಪಕ್ಕದ್ದನ್ನು ತಟ್ಟಿ, "ಕೂಕೊ ಮಗಾ," ಎಂದ.

"ಬ್ಯಾಡ ಅಪ್ಪಯ್ಯ. ನಾ ನಿಂತ್ಕಂತೆ."

"ಎಂತಕ್ಕೆ? ಕಾಲ್ ನೋಯ್ತಿಲ್ಯಾ?"

"ನಂಗ್ ನಿಂತ್ಕಂಬುದೇ ಖುಷಿ," ಎಂದು ಅವಳು ಗೋಡೆಗೆ ಒರಗಿ ನಕ್ಕಳು.

ಅವನು ಕುರ್ಚಿಯ ಎರಡು ಕೈಗಳ ನಡುವಿನ ಜಾಗ ನೋಡಿದ, ಆಮೇಲೆ ಅವಳನ್ನು ನೋಡಿದ. ಕೋಣೆಗೆ ಬಂದ ಕೂಡಲೇ ಅವಳು ಕುರ್ಚಿಗಳನ್ನು ಅಳೆದು ಮುಗಿಸಿದ್ದಳು. ಹೀಗೆ ಎಲ್ಲೆಲ್ಲಿ ಅಳೆಯುತ್ತಾಳೋ, ಶಾಲೆಯ ಬೆಂಚು, ರಿಕ್ಷಾ, ನೆಂಟರ ಮನೆಯ ಜಗಲಿ, ಎಲ್ಲೆಲ್ಲಿ ನಿಂತುಕೊಳ್ಳುವುದೇ ಖುಷಿ ಎನ್ನುತ್ತಾಳೋ. ಅವನು ಎದ್ದು ಅವಳ ಪಕ್ಕ ಗೋಡೆಗೆ ಒರಗಿ ನಿಂತ. ಸ್ವಲ್ಪ ಹೊತ್ತಿಗೆ ಅವಳು ಮೆಲ್ಲಗೆ, "ನಿಮ್ಗೂ ಗೊತ್ತಾಗ್ದಿದ್ರೆ ಲಾಯ್ಕಿತ್ತ್," ಎಂದಳು. ಯಾಕೆಂದು ಕೇಳಿದ. "ಶಾಲೆಯಂಗ್ ಎಲ್ರಿಗೂ ಗೊತ್ತಾಯ್ತ್. ನಮ್ ಕ್ಲಾಸಿನ್ ನಿತೇಶ್‌ಗೂ ಗೊತ್ತಾಯ್ತ್. ನಂಗ್ ಒಬ್ಳಿಗೇ ಆಯ್ಲಿಲ್ಲೆ." ಅಷ್ಟು ಹೇಳಿ ಚಪ್ಪಲಿಯ ತುದಿಯಿಂದ ನೆಲದ ಮೇಲೆ ಗೀರುತ್ತಾ ನಿಂತಳು. ಒಳಗಿನಿಂದ ಪ್ರಫುಲ್ಲಾ ಬಂದಳು, ಮೂಗಿನ ಮೇಲೆ ಕ್ಲಿಪ್ಪಿನ ಗುರುತು ಕೆಂಪಾಗಿತ್ತು. "ನಂಗ್ ಎರಡ್ನೇ ಸಲಕ್ಕೇ ಗೊತ್ತಾಯ್ತ್," ಎಂದಳು. ಹೆಮ್ಮೆ ಇರಲಿಲ್ಲ ಅದರಲ್ಲಿ. ಇನ್ನು ಉಳಿದವರು ನೀವು ಎಂಬುದು ಅವಳ ಕಣ್ಣಿನಲ್ಲಿತ್ತು. "ಹೋಯ್ನಿ," ಎಂದು ದಾರಿ ಬಿಟ್ಟಳು.

ಒಳಗೆ ಕೆಂಪು ಬಲ್ಬು ಉರಿಯುತ್ತಿತ್ತು, ಹಾಲಿನ ಬಣ್ಣ ನೋಡಿ ಹೇಳಬಾರದೆಂದು. ಆ ಬೆಳಕಿನಲ್ಲಿ ತನ್ನ ಕೈಯೇ ಅವನಿಗೆ ಬೇರೆಯವರದಾಗಿ ಕಂಡಿತು. ಮೂಗಿಗೆ ಕ್ಲಿಪ್ ಹಾಕಿದ ಮೇಲೆ ತಲೆಯೊಳಗೆ ತನ್ನ ಗಂಟಲಿನ ಸದ್ದು ಬಿಟ್ಟು ಇನ್ನೇನೂ ಕೇಳಿಸಲಿಲ್ಲ. ಅವನು ಅಡಿಗೆಯನ್ನು ಮೂಗಿನಲ್ಲಿ ಮಾಡುವವನು, ಕಣ್ಣಿನಲ್ಲಿ ಮಾಡುವವನು, ಮಸಾಲೆ ಚಟಪಟ ಎನ್ನುವುದನ್ನು ಕಿವಿಯಲ್ಲಿ ಕೇಳಿ ಬೆಂಕಿ ತಗ್ಗಿಸುವವನು. ಅವೆಲ್ಲವನ್ನೂ ಕಸಿದುಕೊಂಡು ನಾಲಿಗೆಯೊಂದನ್ನು ಬಿಟ್ಟಿದ್ದಾರೆ. ಮೊದಲ ಮೂರು ಲೋಟ. ಬಾಯಲ್ಲಿ ತುಂಬಿಸಿ, ತಿರುಗಿಸಿ, ಉಗುಳಬೇಕು. ಏನೂ ತಿಳಿಯಲಿಲ್ಲ. ಯಾವುದೋ ಒಂದು ಹೇಳಿದ. ಎರಡನೇ ಸುತ್ತು, ಆಗಲೂ ಏನೂ ಇಲ್ಲ. ಒಳಗಿನಿಂದ ಒಂದು ಸಂತೋಷ ಉಕ್ಕಿಬಂತು, ಮೈ ಹಗುರವಾಯಿತು, ಚೆನ್ನಯ್ಯ ಮಾವ, ನಿಮ್ಮ ರಕ್ತ ನನ್ನಲ್ಲಿದೆ ಎಂದುಕೊಂಡ. ಮೂರನೇ ಸುತ್ತಿನ ನಡುವಿನ ಲೋಟ ಬಾಯಿಗೆ ಹೋದದ್ದೇ, ನಾಲಿಗೆಯ ಹಿಂದೆ, ಗಂಟಲಿಗೆ ಇಳಿಯುವಲ್ಲಿ, ಏನೋ ಒಂದು ಕೆರೆಯಿತು. ಕಹಿಯಲ್ಲ, ಹುಳಿಯೂ ಅಲ್ಲ. ಡಬ್ಬಿಯ ಮುಚ್ಚಳದಲ್ಲಿ ಹಳತಾಗಿ ಉಳಿದ ತುಪ್ಪ ಹಾಗಿರುತ್ತದೆ. ಅನುಮಾನಕ್ಕೆ ಜಾಗವಿರಲಿಲ್ಲ.

"ಯಾವುದು ಬೇರೆ ಅನ್ನಿಸಿತು?" ಡಾಕ್ಟರಮ್ಮ ಕೇಳಿದರು.

ಅವನು ಉಗುಳಿ, ನೀರು ಮುಕ್ಕಳಿಸಿ, ಮತ್ತೆ ಉಗುಳಿದ. ಬೈಂದೂರಿನ ಬಸ್ಸು, ಕಿಟಕಿಯಲ್ಲಿ ಮಗಳ ಮುಖ, ಖಾಲಿ ಅಡುಗೆಮನೆ ಎಲ್ಲ ಆ ನೀರಿನೊಟ್ಟಿಗೆ ಬಂದು ಹೋದವು. ಗೋಡೆಯಾಚೆ ಅವಳು ನಿಂತೇ ಇದ್ದಾಳೆ, ನಿಮಗೂ ಗೊತ್ತಾಗದಿದ್ದರೆ ಲಾಯ್ಕಿತ್ತು ಎಂದುಕೊಂಡು. ಮಗಳಿಗೋಸ್ಕರವೇ ಎಂದು ಅವನು ತನ್ನ ಹೆದರಿಕೆಗೆ ಬೇರೆ ಅಂಗಿ ತೊಡಿಸಿದ. "ಮೊದಲನೆಯದು," ಎಂದ. ಮುಂದಿನ ಸುತ್ತಿನಲ್ಲಿ ಆ ಕೆರೆತ ಇನ್ನೂ ಜೋರಾಗಿತ್ತು. ಕೊನೆಯ ಸುತ್ತಿನಲ್ಲಂತೂ ವಾಕರಿಕೆ ಬಂದು ಕಣ್ಣಲ್ಲಿ ನೀರಾಡಿತು. ಕೆಂಪು ಬೆಳಕಿನಲ್ಲಿ ಅದು ಡಾಕ್ಟರಮ್ಮನಿಗೆ ಕಾಣಲಿಲ್ಲ. "ಎಲ್ಲ ಒಂದೇ," ಎಂದ ಭೋಜರಾಜ. ಹೇಳಿದ ಮೇಲೆ ಅದು ಮಗಳ ಮಾತು ಎಂದು ಹೊಳೆದು, ಖಾಲಿ ಲೋಟ ಕೈಜಾರಿ ಕೆಳಗೆ ಬಿತ್ತು. ಪರವಾಗಿಲ್ಲ ಬಿಡಿ ಎಂದು ಅವರೇ ಬಗ್ಗಿ ಎತ್ತಿಟ್ಟರು.

ಹೊರಗೆ ಬಂದು ಡಾಕ್ಟರಮ್ಮ ಮೂವರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಹೇಳಿದರು. "ಇವರಿಗೂ ಗೊತ್ತಾಗುತ್ತಿಲ್ಲ. ಹಾಗಾಗಿ ತಂದೆಯ ಕಡೆಯಿಂದ ಬಂದಿರುವ ಸಾಧ್ಯತೆ ಇದೆ. ಇವತ್ತಿನ ಪರೀಕ್ಷೆಯೊಂದರಿಂದಲೇ ಖಚಿತ ಅನ್ನಲಾಗುವುದಿಲ್ಲ. ಹುಟ್ಟಿನಿಂದ ಬಂದದ್ದಾದರೂ ಊಟ ಆಟ ಸರಿ ಮಾಡಿಕೊಂಡರೆ ತೂಕ ಇಳಿಯುತ್ತದೆ, ಕಷ್ಟ ಸ್ವಲ್ಪ ಜಾಸ್ತಿ ಅಷ್ಟೆ." ಅವರು ಇನ್ನೂ ಏನೇನೋ ಹೇಳುತ್ತಿದ್ದರು. ಕೇಳುವವರ ಮನಸ್ಸಿಗೆ ಇಳಿದದ್ದು ಮೊದಲ ಎರಡು ವಾಕ್ಯ ಮಾತ್ರ. ಅನಿಷಾ ಅವನ ಕೈ ಹಿಡಿದುಕೊಂಡಳು, ಎರಡೂ ಕೈಯಿಂದ. ಅವಳ ಅಂಗೈ ಬಿಸಿಯಾಗಿತ್ತು. "ನಿಮ್ಗೂ ಆಯ್ಲಿಲ್ಯಾ ಅಪ್ಪಯ್ಯ?" ಎಂದು ಕೇಳಿದಳು, ಬಹುಮಾನ ಬಂದವರ ದನಿಯಲ್ಲಿ. ಅವನು ಇಲ್ಲ ಎಂದು ತಲೆಯಾಡಿಸಿದ. ಬಾಯಿ ತೆರೆದರೆ ಆ ಕಮಟು ಹೊರಗೆ ಬಂದುಬಿಡುತ್ತದೆ ಎನ್ನಿಸಿತ್ತು.

ಮೆಟ್ಟಿಲು ಇಳಿಯುವಾಗ ಪ್ರಫುಲ್ಲಾ ಅವನ ಪಕ್ಕಕ್ಕೆ ಬಂದಳು. ಮಗಳು ಮುಂದೆ, ಕೈಕಂಬಿ ಹಿಡಿದು ಇಳಿಯುತ್ತಿದ್ದಳು, ಯಾವುದೋ ಹಾಡು ಗುನುಗಿಕೊಂಡು. "ಹ್ವಾಯ್," ಎಂದಳು ಹೆಂಡತಿ, ತೀರ ಸಣ್ಣ ದನಿಯಲ್ಲಿ. "ನಾ ನಿಮ್ಮನ್ನ್ ಮನ್ಸಲ್ಲಿ ಎಷ್ಟ್ ಬೈದಿದೆ ಅಂದ್ರೆ, ಬಾಯಿಂದ ಹೇಳುಕ್ ಆತಿಲ್ಲೆ. ಮಗಿಗ್ ವಿಷ ಹಾಕ್ದ್ರ್ ಅಂದ್ಕಂಡಿದೆ. ಬೇಜಾರ್ ಮಾಡ್ಕಣ್ಬೇಡಿ." ಮದುವೆಯಾದ ಮೇಲೆ ಅವಳು ಅವನಲ್ಲಿ ಕ್ಷಮೆ ಕೇಳಿದ್ದು ಇದೇ ಮೊದಲು. ಅವಳ ಕಣ್ಣು ಒದ್ದೆಯಾಗಿತ್ತು. ಅವನಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಮಗಳು ಬೈಂದೂರಿಗೆ ಹೋಗುವುದಿಲ್ಲ, ಹೆಂಡತಿ ಕಣ್ಣೆತ್ತಿ ಮಾತಾಡುತ್ತಾಳೆ, ಹೋಟೆಲು ಎಂದಿನಂತೆ ನಡೆಯುತ್ತದೆ. ಇಷ್ಟು ಸಿಕ್ಕಿಯೂ ಹೆದರಿಕೆ ಯಾಕೆ ಹೋಗಲಿಲ್ಲ ಎಂದು ಅವನು ಓಮ್ನಿಯ ಬಾಗಿಲು ತೆಗೆಯುತ್ತಾ ಯೋಚಿಸಿದ. ತಿಂಗಳುಗಳಾದ ಮೇಲೆ ಲ್ಯಾಬಿನಿಂದ ಬರುವ ಉತ್ತರಕ್ಕೆ ಹೆದರಿದ್ದಲ್ಲ. ಅದು ಬಂದಾಗ ನೋಡಿಕೊಳ್ಳಬಹುದು. ಇದು ಈಗಲೇ, ಇಲ್ಲೇ, ಹಿಂದಿನ ಸೀಟಿನಲ್ಲಿ ಹತ್ತಿ ಕೂರುತ್ತಿತ್ತು.

ಸಾಲಿಗ್ರಾಮ ಬಂತು. ಪ್ರಫುಲ್ಲಾಳೇ ಮಾತು ಶುರುಮಾಡಿದಳು. "ಇಲ್ಲಿ ಒಂಚೂರ್ ನಿಲ್ಸಿ. ಮಗಿಗೆ ಗೋಳಿಬಜೆ ತಕಂಬ. ಪಾಪ, ಎಷ್ಟ್ ದಿನ ಆಯ್ತ್ ಬರೀ ಗಂಜಿ ಉಂಡ್ಕಂಡ್. ಅದ್ರದ್ದೆಂತ ತಪ್ಪ್." ಭೋಜರಾಜ ನಿಲ್ಲಿಸಿದ. ಅಂಗಡಿಯವನು ಎಣ್ಣೆಯಿಂದ ಎತ್ತಿ ಪೇಪರಿಗೆ ಹಾಕಿಕೊಟ್ಟ. ಕೈಗೆ ಬರುವಷ್ಟರಲ್ಲಿ ಪೇಪರು ಅಲ್ಲಲ್ಲಿ ಪಾರದರ್ಶಕವಾಗಿತ್ತು. ಹಿಂದಕ್ಕೆ ಚಾಚಿದ. ಅನಿಷಾ ತೆಗೆದುಕೊಂಡಳು, ಬಿಚ್ಚಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಯೋಚಿಸುತ್ತಾ ಕೂತಳು. ಹಾಡುತ್ತಾ ಮೆಟ್ಟಿಲು ಇಳಿದವಳ ಮುಖ ಈಗ ಹಾಗಿರಲಿಲ್ಲ.

"ಅಪ್ಪಯ್ಯ, ಹುಟ್ಟಿಂದ ಬಂದದ್ದ್ ಅಂದ್ರೆ ಹೋತಿಲ್ಲೆ ಅಲ್ದಾ?"

"ಎಂತದ್ ಮಗಾ?"

"ಇದ್," ಎಂದು ಅವಳು ತನ್ನ ಹೊಟ್ಟೆಯನ್ನು ತೋರಿಸಿದಳು. "ನಾ ಗಂಜಿ ಉಂಡ್ರೂ ಇದ್ ಹಾಂಗೇ ಇರ್ತ್. ದೊಡ್ಡೋಳಾದ್ರೂ ಹಾಂಗೇ. ಅಲ್ದಾ?"

"ಡಾಕ್ಟ್ರ್ ಹಾಂಗ್ ಹೇಳ್ಲಿಲ್ಲೆ, ಕಡ್ಮಿ ಆತ್ತ್ ಅಂದ್ರ್," ಎಂದಳು ಪ್ರಫುಲ್ಲಾ, ಆದರೆ ಅವಳ ದನಿಯಲ್ಲಿ ಹುರುಪಿರಲಿಲ್ಲ. ಅನಿಷಾ ತಿಳಿದವರಂತೆ ತಲೆಯಾಡಿಸಿ, ಹಟವಿಲ್ಲದೆ, ಅಳುವಿಲ್ಲದೆ ಪೊಟ್ಟಣ ಬಿಚ್ಚಿದಳು. ಇಷ್ಟು ದಿನ ಗಂಜಿ ಉಂಡದ್ದು ಏನನ್ನು ಕಾಯುತ್ತಾ ಎಂದು ಭೋಜರಾಜನಿಗೆ ಆಗ ಗೊತ್ತಾಯಿತು. ಅವಳು ಕಾಯುವುದನ್ನು ಈಗ ನಿಲ್ಲಿಸಿದ್ದಳು. ಅವಳು ಒಂದನ್ನು ಬಾಯಿಗಿಟ್ಟು ಅಗಿಯುತ್ತಿದ್ದುದು ಅವನಿಗೆ ಕೇಳಿಸುತ್ತಿತ್ತು. ಅದು ಆಸೆಯಿಂದ ತಿನ್ನುವ ಸದ್ದಲ್ಲ. ಆಸೆಯಿಂದ ತಿನ್ನುವಾಗ ಅವಳು ಹೇಗೆ ತಿನ್ನುತ್ತಾಳೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ. ಎರಡನೆಯದಕ್ಕೆ ಅವಳ ಕೈ ಹೋದಾಗ ಅವನು ಚಾವಿ ತಿರುಗಿಸಹೋದ ಕೈಯನ್ನು ಹಿಂದಕ್ಕೆ ತೆಗೆದ.

"ನಂಗ್ ಗೊತ್ತಾಯ್ತ್," ಎಂದ.

ಪ್ರಫುಲ್ಲಾ ತಿರುಗಿದಳು. "ಎಂತ ಗೊತ್ತಾಯ್ತ್?"

"ಲೋಟ. ಮೂರ್ನೇ ಸಲಕ್ಕೇ ಗೊತ್ತಾಯ್ತ್. ನಾ ಸುಳ್ಳ್ ಹೇಳ್ದೆ." ಒಂದು ಸಲ ಬಾಯಿಬಿಟ್ಟ ಮೇಲೆ ಉಳಿದದ್ದು ತಾನಾಗಿಯೇ ಬಂತು. "ಸೌಟಿನ ತುದಿಯಲ್ಲ ನಾ ಕೊಡ್ತಿದ್ದದ್ದ್. ಬಟ್ಲ್. ಕೋಳಿ, ದ್ವಾಸಿ ಎಲ್ಲ ಹಾಕಿ. ದಿನಕ್ಕ್ ಎರಡ್ ಹೊತ್ತ್."

ಪ್ರಫುಲ್ಲಾ ಕೈ ಹಿಂದಕ್ಕೆ ಚಾಚಿ ಮಗಳ ತೊಡೆಯ ಮೇಲಿದ್ದ ಪೊಟ್ಟಣ ತೆಗೆದುಕೊಂಡು, ಮಡಿಸಿ, ತನ್ನ ಚೀಲದೊಳಗೆ ಹಾಕಿದಳು. ಆ ಮಡಿಸುವುದರಲ್ಲೇ ಬೈಂದೂರು ತೀರ್ಮಾನವಾಯಿತು ಎಂದು ಭೋಜರಾಜನಿಗೆ ಗೊತ್ತಾಯಿತು. "ಗಾಡಿ ತಿರ್ಗ್ಸಿ," ಎಂದಳು. "ಅವ್ರ್ ಮುಚ್ಕಂಡ್ ಹೋಪುದ್ರೊಳ್ಗ್ ಹೋಯಿ ನೀವೇ ಹೇಳಿ. ಮಗಿಗ್ ಎಂತ ಮಾಡ್ಕ್ ಅಂದ್ ಸಮಾ ಕೇಣಿ." ಅವನು ಓಮ್ನಿ ಚಾಲು ಮಾಡಿದ. ಹೈವೇಯಲ್ಲಿ ತಿರುಗಲು ಜಾಗ ಸಿಗುವವರೆಗೆ ಮುಂದಕ್ಕೇ ಹೋಗಬೇಕಿತ್ತು.

"ಹಂಗಾರೆ ನಂಗ್ ಮಾತ್ರವಾ?" ಎಂದು ಹಿಂದಿನಿಂದ ಕೇಳಿಸಿತು.

ಸಿಟ್ಟಿಗೆ ಅವನು ತಯಾರಾಗಿದ್ದ, ಅಳುವಿಗೂ ತಯಾರಾಗಿದ್ದ. ಈ ಪ್ರಶ್ನೆಗೆ ಆಗಿರಲಿಲ್ಲ. "ಇದ್ ನಿನ್ ತಪ್ಪಲ್ಲ ಮಗಾ," ಎಂದ. "ನಾ ಕೊಟ್ಟದ್ದಕ್ಕ್ ಆದದ್ದಾಯ್ಕ್. ಅದಾರೆ ಸಮಾ ಆತ್ತ್ ಅಂದಿರ್ ಅವ್ರ್. ಸಲ್ಪ ದಿನ ಗಂಜಿ ಉಂಡ್ರೆ ನಿಂಗೂ ಗೊತ್ತಾತ್ತ್. ಎಲ್ಲ ಗೊತ್ತಾತ್ತ್." ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಡಿವೈಡರಿನ ಬಾಯಿ ಬಂತು, ಅವನು ಸಿಗ್ನಲ್ ಹಾಕಿ ಲಾರಿ ಹೋಗಲೆಂದು ಕಾದ.

"ನಾ ಇನ್ನೊಂಚೂರ್ ತುಪ್ಪ ಅಂದದ್ದೆಲ್ಲ ಹಂಗಾರೆ ನಂಗ್ ರುಚಿ ಗೊತ್ತಾಗ್ದೆ ಹೇಳದ್ದಾ?"

ಲಾರಿ ದಾಟಿ ಹೋಯಿತು. ಅವನು ಗಾಡಿ ತಿರುಗಿಸಿದ.

"ಹೋಟೆಲಿಗ್ ಬಂದೋರ ಹತ್ರೆಲ್ಲ ನೀವ್ ಹೇಳ್ತಿದ್ರಿ," ಎಂದಳು ಅನಿಷಾ. "ನಮ್ ಹೆಣ್ಣಿನ್ ನಾಲ್ಗಿಯಂಥಾ ನಾಲ್ಗಿ ಈ ಊರಂಗೇ ಇಲ್ಲೆ ಅಂದ್."

"ಹೇಳ್ತಿದ್ದೆ."

"ಇನ್ ಹಾಂಗ್ ಹೇಳ್ಬ್ಯಾಡಿ."